600 ಗ್ರಾಂ ಜಾವೆಲಿನ್‌ಗೆ ಬಂದ ಮೇಲೆ ಮೂತಿ ಮೇಲೇಳುತ್ತಿದೆ: ತೋಳಿನ ತಪ್ಪೋ, ಕಾಲಿನ ತಪ್ಪೋ?

ಜಗಳೂರು ಪಿಇ ಟೀಚರ್

ದಾವಣಗೆರೆಯಲ್ಲಿ ಅಭ್ಯಾಸ ಮಾಡುವ ಪಿಯು ವಿದ್ಯಾರ್ಥಿನಿ, ಬಲಗೈ. 500 ಗ್ರಾಂ ಜಾವೆಲಿನ್ ಅನ್ನು 41 ಮೀಟರ್ ದಾಟಿಸುತ್ತಿದ್ದಳು. 20 ವರ್ಷದೊಳಗಿನವರ ವಿಭಾಗಕ್ಕೆ ಈಗ 600 ಗ್ರಾಂ ಹಿಡಿದಿದ್ದಾಳೆ. ದೂರ 34-35ಕ್ಕೆ ಇಳಿದಿದೆ. ಕೈ ಬಿಟ್ಟ ಕೂಡಲೇ ಮೂತಿ ಮೇಲೇಳುತ್ತೆ, ಬಾಲ ಕೆಳಗಾಗುತ್ತೆ, ಎಷ್ಟೋ ಎಸೆತ ಅಡ್ಡಡ್ಡ ಬೀಳುತ್ತವೆ. ತೋಳಿಗೆ ಶಕ್ತಿ ಸಾಲದೆ ಹೀಗಾಗುತ್ತಿದೆ ಎಂದು ಭಾರ ಎತ್ತುವುದನ್ನು ಹೆಚ್ಚಿಸಬೇಕೆ?

ಇನ್ನೊಂದು ವಿಷಯ. ವಿಶ್ವ ಚಾಂಪಿಯನ್‌ಷಿಪ್ ನೋಡುವಾಗ ನೆಲಕ್ಕೆ ನಾಟದ ಎಸೆತಕ್ಕೂ ಬಿಳಿ ಬಾವುಟ ಎತ್ತಿದ್ದು ಕಂಡೆ. ನಮ್ಮ ತಾಲ್ಲೂಕು ಕೂಟಗಳಲ್ಲಿ ನಾಟದಿದ್ದರೆ ಫೌಲ್ ಕೊಡುತ್ತಾರೆ. ಯಾವುದು ಸರಿ?

ಕೋಟೆನಾಡು ಥ್ರೋಸ್

ಭಾರ ಎತ್ತುವುದನ್ನು ಸದ್ಯಕ್ಕೆ ಹೆಚ್ಚಿಸಬೇಡಿ ಮೇಡಂ. 500ರಿಂದ 600 ಅಂದರೆ ತೂಕ ಐದರಲ್ಲೊಂದು ಪಾಲು ಏರಿತು. ಉದ್ದವೂ ಬದಲಾಯಿತು: 500 ಗ್ರಾಂನದು 2.00ರಿಂದ 2.10 ಮೀಟರ್, 600ರದು 2.20ರಿಂದ 2.30. ಒಟ್ಟು 20 ಸೆಂಟಿಮೀಟರ್ ಹೆಚ್ಚು ಉದ್ದದ ಕೋಲನ್ನು ಅದೇ ಹಳೆಯ ಕೈಯಲ್ಲಿ ಎಳೆದರೆ ಬಾಲ ಜೋತುಬೀಳುತ್ತೆ, ಮೂತಿ ತಾನಾಗಿಯೇ ಮೇಲೇಳುತ್ತೆ. ತಪ್ಪು 500 ಗ್ರಾಂನಲ್ಲೂ ಇದ್ದಿರಬೇಕು, ಹಗುರ ಜಾವೆಲಿನ್ ಅದನ್ನು ಮುಚ್ಚಿಟ್ಟಿತ್ತು ಅಷ್ಟೆ.

ಮೊದಲು ಒಂದು ವಿಡಿಯೋ ತೆಗೆಯಿರಿ. ಫೋನು ಸೊಂಟದ ಎತ್ತರದಲ್ಲಿರಲಿ, ರನ್‌ವೇಯ ಬಲಬದಿಯಲ್ಲಿ, ಕೊನೆಯ ಹೆಜ್ಜೆಗೆ ನೇರ ಅಡ್ಡಲಾಗಿ, ಹತ್ತು-ಹದಿನೈದು ಮೀಟರ್ ದೂರದಲ್ಲಿ. ಆಮೇಲೆ ನಿಧಾನಗತಿಯಲ್ಲಿ ಮೂರು ಜಾಗ ನೋಡಿ.

ಒಂದು, ಜಾವೆಲಿನ್ ಹಿಂದಕ್ಕೆ ಎಳೆದಾಗ ಕೈ ಭುಜದ ಮಟ್ಟದಲ್ಲಿದೆಯೇ? ಅಂಗೈ ಮೇಲ್ಮುಖವಾಗಿರಬೇಕು, ಮೂತಿ ಹುಬ್ಬಿನ ಹತ್ತಿರವೇ ಇರಬೇಕು. ಮೂತಿ ತಲೆಯಿಂದ ದೂರ ಸರಿದು ಮೇಲೆದ್ದಿದ್ದರೆ ಮಣಿಕಟ್ಟು ಕುಸಿದಿದೆ ಎಂದೇ ಅರ್ಥ. ನಿಮ್ಮ ಹುಡುಗಿಯದು ಬಹುಪಾಲು ಇದೇ.

ಎರಡು, ಎಡಗಾಲು. ನನ್ನ ಪ್ರಕಾರ ದೂರವನ್ನು ನಿರ್ಧರಿಸುವುದು ಇದು, ತೋಳಲ್ಲ. ಎಡಗಾಲು ಊರಿದ ಮೇಲೆ ಮಂಡಿ ಮಡಚಿದರೆ ಓಟದ ವೇಗವೆಲ್ಲ ಮಂಡಿಯಲ್ಲೇ ಇಂಗಿಹೋಗುತ್ತೆ. ಮಂಡಿ ಗಟ್ಟಿಯಾಗಿ ನಿಂತರೆ ಕೆಳಗೆ ಬ್ರೇಕ್ ಬಿದ್ದು ಸೊಂಟ, ಎದೆ, ಭುಜ, ಮೊಣಕೈ ಒಂದರ ಹಿಂದೊಂದು ಮುಂದೆ ಹಾಯುತ್ತವೆ. ಬಿಡುವ ವೇಗ ಸ್ವಲ್ಪ ಹೆಚ್ಚಿದರೂ ದೂರ ಹೆಚ್ಚುಕಡಿಮೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತೆ. ಅದಕ್ಕೇ ಇಲ್ಲಿ ಸೋರುವ ವೇಗ ಇಷ್ಟು ದುಬಾರಿ.

ಮೂರು, ಬಲಗಾಲು ಊರಿದ ಮೇಲೆ ಎಡಗಾಲು ಎಷ್ಟು ಬೇಗ ಬರುತ್ತೆ? ತಡವಾದರೆ ಮೈ ಹಿಂದಕ್ಕೇ ವಾಲಿಕೊಂಡಿರುತ್ತೆ, ಎಸೆತ ಮೇಲಕ್ಕೆ ಹೋಗುತ್ತೆ.

ಸರಿಪಡಿಸಲು ಪೂರ್ತಿ ಓಟ ನಿಲ್ಲಿಸಿ. ನಾಲ್ಕೈದು ವಾರ ಮೂರು ಹೆಜ್ಜೆ, ಐದು ಹೆಜ್ಜೆಯ ಎಸೆತ ಮಾತ್ರ, ಶೇಕಡಾ 70ರ ಬಲದಲ್ಲಿ. ಇಪ್ಪತ್ತು ಮೀಟರ್ ಮುಂದೆ ನೆಲದಲ್ಲಿ ಒಂದು ಗುರುತಿಟ್ಟು ಮೂತಿ ಅಲ್ಲೇ ನಾಟುವಂತೆ ಎಸೆಯಲಿ. ಜಾವೆಲಿನ್ ಎಸೆತ ವಾರಕ್ಕೆ ಎರಡು ದಿನ ಸಾಕು, ದಿನಕ್ಕೆ 30 ದಾಟಬಾರದು. ಉಳಿದ ದಿನ 1-2 ಕಿಲೋ ಮೆಡಿಸಿನ್ ಬಾಲನ್ನು ಎರಡೂ ಕೈಯಲ್ಲಿ ತಲೆ ಮೇಲಿಂದ ಎಸೆಯುವುದು, ಕ್ರಾಸ್ ಸ್ಟೆಪ್ (ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ದಾಟಿಸುವ ಹೆಜ್ಜೆ) ಓಟ, ಬೆನ್ನು-ಹೊಟ್ಟೆಯ ವ್ಯಾಯಾಮ. ಮೊಣಕೈ ಭುಜಕ್ಕಿಂತ ಕೆಳಗಿಳಿದು ಪಕ್ಕದಿಂದ ಬೀಸಿದರೆ ಮೊಣಕೈಯ ಒಳಬದಿಯ ಲಿಗಮೆಂಟ್ ಹಾಳಾಗುತ್ತೆ. ಆ ಜಾಗದಲ್ಲಿ ನೋವು ಎಂದರೆ ಅಂದಿನ ಎಸೆತ ಅಲ್ಲಿಗೇ ನಿಲ್ಲಿಸಿ.

ಗೆರೆ ಮತ್ತು ಟೇಪು

ನಿಯಮದ ಪ್ರಶ್ನೆಗೆ: ನಾಟಲೇಬೇಕು ಎಂಬ ನಿಯಮವೇ ಇಲ್ಲ. ಜಾವೆಲಿನ್‌ನ ಲೋಹದ ತಲೆ ಬೇರೆ ಯಾವ ಭಾಗಕ್ಕಿಂತಲೂ ಮೊದಲು ನೆಲ ಮುಟ್ಟಬೇಕು, ಅದೂ ಸೆಕ್ಟರ್ (ಎಸೆತ ಬೀಳಬೇಕೆಂದು ಎರಡು ಗೆರೆಗಳ ನಡುವೆ ಗುರುತಿಸಿದ ಜಾಗ) ಒಳಗೆ. ಜಾರಿ ಮಲಗಿದರೂ ಸರಿಯಾದ ಎಸೆತವೇ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಕಲ್ಲಿನಂತಾಗಿರುವಾಗ ಸರಿಯಾದ ಎಸೆತವೂ ನಾಟುವುದಿಲ್ಲ, ಅದಕ್ಕೆ ಫೌಲ್ ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಹಿಂದಿನ ದಿನ ನೆಲಕ್ಕೆ ನೀರು ಹಾಯಿಸಿ, ಬೀಳುವ ಜಾಗದ ಪಕ್ಕದಲ್ಲೇ ಒಬ್ಬ ತೀರ್ಪುಗಾರರನ್ನು ನಿಲ್ಲಿಸಿ. 1999ರಲ್ಲಿ ಮಹಿಳೆಯರ ಜಾವೆಲಿನ್‌ನ ವಿನ್ಯಾಸ ಬದಲಿಸಿ ತೂಕದ ಕೇಂದ್ರವನ್ನು ಮುಂದಕ್ಕೆ ತಂದ ಮೇಲೆ ಮೂತಿ ಬೇಗ ಕೆಳಗಿಳಿಯುತ್ತೆ, ಅಡ್ಡ ಬೀಳುವ ಜಗಳ ಕಡಿಮೆಯಾಗಿದೆ.

ಸೆಕ್ಟರ್ ಕೋನ 28.96 ಡಿಗ್ರಿ. ಉಪಕರಣ ಬೇಡ. ಕಮಾನಿನ (ರನ್‌ವೇ ಕೊನೆಯ ಬಾಗಿದ ಗೆರೆಯ) ಕೇಂದ್ರ ಕಮಾನಿನಿಂದ 8 ಮೀಟರ್ ಹಿಂದೆ ರನ್‌ವೇ ನಡುವೆ ಇರುತ್ತೆ. ಅಲ್ಲಿಂದ 40 ಮೀಟರ್‌ನಲ್ಲಿ ಎರಡು ಗೆರೆಗಳ ನಡುವೆ 20 ಮೀಟರ್ ಬಂದರೆ ಕೋನ ಸರಿ. ಅಳೆಯುವಾಗಲೂ ಟೇಪು ಆ ಕೇಂದ್ರದ ಮೇಲೆ ಹಾದುಹೋಗಬೇಕು, ಕಮಾನಿನ ಒಳಅಂಚಿನಲ್ಲಿ ಅಂಕಿ ಓದಬೇಕು.

ಜಗಳೂರು ಪಿಇ ಟೀಚರ್

ವಿಡಿಯೋ ನೋಡಿದೆ. ಮಣಿಕಟ್ಟು ಕುಸಿಯುತ್ತಿರುವುದು ನಿಜ, ಎಡಮಂಡಿಯೂ ಮಡಚುತ್ತೆ. ಇನ್ನೆರಡು ಸಂಶಯ. 70 ಮೀಟರ್ ಎಂದು ಬರೆದಿರುವ ಒಳ್ಳೆಯ ಜಾವೆಲಿನ್ ಒಂದು ಸಿಗುತ್ತಿದೆ, ಅದರಲ್ಲಿ ದೂರ ಹೋಗುತ್ತದೆಯೇ? ಮುಂದಿನ ಕೂಟ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ. ಅಲ್ಲಿನ ಗಾಳಿಗೆ ಏನು ಮಾಡಬೇಕು?

ಕೋಟೆನಾಡು ಥ್ರೋಸ್

70ರದು ಬೇಡ. ಅದು ಅಷ್ಟು ದೂರ ಎಸೆಯುವವರಿಗೆ ಮಾಡಿದ್ದು, ಬಿಗಿ, ಬಿಡುವ ಕೋನ ಸ್ವಲ್ಪ ತಪ್ಪಿದರೂ ಕ್ಷಮಿಸುವುದಿಲ್ಲ. ಅವಳಿಗೆ 50 ಮೀಟರ್‌ನದೇ ಸರಿ. ಯಾವುದೇ ಇರಲಿ, ನೆಲದಿಂದ ಕೀಳುವಾಗ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು. ಬಾಲ ಹಿಡಿದು ಮೀಟಿದರೆ ಕೋಲು ಬಾಗುತ್ತೆ, ಬಾಗಿದ್ದು ಗಾಳಿಯಲ್ಲಿ ನಡುಗುತ್ತೆ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮುಂಗಾರಿನಲ್ಲಿ ಅಲ್ಲಿ ಪಶ್ಚಿಮದ ಗಾಳಿ ಜೋರು. ರನ್‌ವೇ ಪಕ್ಕ ಕೋಲಿಗೆ ಬಟ್ಟೆ ಪಟ್ಟಿ ಕಟ್ಟಿ ದಿಕ್ಕು ನೋಡಿ. ಎದುರುಗಾಳಿಗೆ ಎಸೆತ ತಗ್ಗಾಗಿ, ಮೂತಿ ಇನ್ನಷ್ಟು ಕೆಳಗೆ. ಹಿಂದಿನ ಗಾಳಿಗೆ ತುಸು ಎತ್ತರ.

ಆರನೇ ಎಸೆತ

ಗಾಳಿಗಿಂತ ಮೊದಲ ಮೂರು ಎಸೆತದ ಯೋಜನೆ ಮುಖ್ಯ. ವಿಶ್ವ ಚಾಂಪಿಯನ್‌ಷಿಪ್ ಅರ್ಹತಾ ಸುತ್ತಿನಲ್ಲಿ ಸಿಗುವುದು ಮೂರೇ. 2022ರ ಯೂಜೀನ್‌ನಲ್ಲಿ ಭಾರತದ ಎಸೆತಗಾರ್ತಿ ಅನ್ನು ರಾಣಿ ಫೌಲ್‌ನಿಂದ ಶುರು ಮಾಡಿ ಮೂರನೆಯದರಲ್ಲಿ 59.60 ಮೀಟರ್ ಎಸೆದು ಫೈನಲ್‌ಗೆ ಬಂದರು, ಅಲ್ಲಿ 61.12ರೊಂದಿಗೆ ಏಳನೆಯವರಾದರು. ಆ ವರ್ಷ ಮೇ ತಿಂಗಳಲ್ಲಿ ಜಮ್ಶೆಡ್‌ಪುರದಲ್ಲಿ 63.82 ಎಸೆದು ರಾಷ್ಟ್ರೀಯ ದಾಖಲೆ ಮಾಡಿದ್ದವರಿಗೂ ಕೊನೆಯ ಅವಕಾಶದವರೆಗೆ ಕಾಯಬೇಕಾಯಿತು. ಫೈನಲ್‌ನಲ್ಲೂ ಅಷ್ಟೆ, 2025ರ ಟೋಕಿಯೋದಲ್ಲಿ ಮೂರನೆಯ ಸುತ್ತಿನ ನಂತರ 10, ನಾಲ್ಕರ ನಂತರ 8, ಐದರ ನಂತರ 6 ಮಂದಿಯನ್ನಷ್ಟೇ ಉಳಿಸಿಕೊಂಡರು. ಜಪಾನಿನ ಹರುಕಾ ಕಿಟಗುಚಿ 2023ರ ಬುಡಾಪೆಸ್ಟ್‌ನಲ್ಲಿ ಕೊನೆಯ ಎಸೆತದಲ್ಲಿ 66.73 ಹಾಕಿ ಗೆದ್ದರು, ನಿಜ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಚಿನ್ನ ತಂದ 65.80 ಅವರ ಮೊದಲ ಎಸೆತ.

ನಿಮ್ಮ ಹುಡುಗಿಗೆ ಹೀಗೆ ಮಾಡಿಸಿ: ಮೊದಲ ಎಸೆತ ಏಳು ಹೆಜ್ಜೆಯ ಓಟ, ಶೇಕಡಾ 90 ಬಲ, ಗೆರೆಯಿಂದ ಧಾರಾಳ ಹಿಂದೆ. ಎಡಗಾಲು ಊರುವ ಜಾಗಕ್ಕೂ ಕಮಾನಿಗೂ ಎರಡು ಮೀಟರ್ ಇರಲಿ, ಎಸೆದ ಮೇಲೆ ಮುಗ್ಗರಿಸಿದರೂ ಗೆರೆ ತುಳಿಯುವುದಿಲ್ಲ. ಅಂಕಿ ಬರೆಸಿಕೊಂಡ ಮೇಲೆ ಎರಡನೆಯದಕ್ಕೆ ಪೂರ್ತಿ ಓಟ. ಕ್ರಾಸ್ ಸ್ಟೆಪ್ ಶುರುವಾಗುವ ಜಾಗಕ್ಕೆ ರನ್‌ವೇ ಪಕ್ಕ ಟೇಪಿನ ಗುರುತು ಹಾಕಿ. ಎದುರುಗಾಳಿ ಇದ್ದರೆ ಆ ಗುರುತನ್ನು ಒಂದು ಪಾದ ಮುಂದೆ ಸರಿಸಿ, ಹೆಜ್ಜೆ ಚಿಕ್ಕದಾಗುತ್ತೆ. ಹೆಸರು ಕೂಗಿದ ಮೇಲೆ ಒಂದು ನಿಮಿಷ ಸಮಯ, ಕೊನೆಯ 15 ಸೆಕೆಂಡಿಗೆ ಹಳದಿ ಬಾವುಟ ಏಳುತ್ತೆ. ಗಾಳಿ ತಗ್ಗಲಿ ಎಂದು ಅದರೊಳಗೆ ಕಾಯಬಹುದು, ಅಭ್ಯಾಸದಲ್ಲೂ ಗಡಿಯಾರ ಇಟ್ಟು ಕಾಯಿಸಿ.