ಕಾಡಿನ ಶಿಬಿರಕ್ಕೆ ಮಗನನ್ನು ಕಳುಹಿಸಬಹುದಾ?

ಪ್ರಶ್ನೆ (ತಾಯಿ, ಬದಿಯಡ್ಕ): ಮಗನಿಗೆ 15, ಹತ್ತನೇ ಕ್ಲಾಸು. ಶಾಲೆ ಬಿಟ್ಟು ಕೂತಿದ್ದಾನೆ. ರಾತ್ರಿಯಿಡೀ ಮೊಬೈಲು, ಮಾತಾಡಿಸಿದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಘಟ್ಟದ ಮೇಲೆ ಮೂರು ವಾರದ ಥೆರಪಿ ಶಿಬಿರ ಉಂಟಂತೆ. ಅವನಿಗೆ ಹೇಳದೆ ಕರೆದುಕೊಂಡು ಹೋಗಿ ಬಿಡಿ ಅಂತ ಭಾವ ಹೇಳ್ತಾರೆ. ಎಂತ ಮಾಡುವುದು?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಅಕ್ಕಾ, ಹೇಳದೆ ಮಾತ್ರ ಬೇಡ. ಮೋಸ ಮಾಡಿ ಬಿಟ್ಟುಬಂದರೆ ಅಲ್ಲಿಯವರನ್ನೂ ನಂಬುವುದಿಲ್ಲ, ಆಮೇಲೆ ನಿಮ್ಮನ್ನೂ.

ಒಳ್ಳೆಯ ಶಿಬಿರದಿಂದ ಉಪಯೋಗ ಖಂಡಿತ ಉಂಟು. ಬೆಳಗಿನ ಬೆಳಕು, ಮೈದಣಿವು ಸೇರಿ ಹಗಲು ರಾತ್ರಿ ತಿರುಗಿಹೋದ ನಿದ್ದೆ ಮೆಲ್ಲಗೆ ದಾರಿಗೆ ಬರುತ್ತದೆ. ಅಲ್ಲಿ ಮಲಗುವ ಟಾರ್ಪಾಲು ಅವನೇ ಕಟ್ಟಿಕೊಳ್ಳಬೇಕು, ಹಗ್ಗ ಸಡಿಲ ಕಟ್ಟಿದರೆ ರಾತ್ರಿ ಮಳೆಗೆ ಹಾಸಿಗೆ ಒದ್ದೆ. ಯಾರೂ ಬೈಯುವುದಿಲ್ಲ, ಮರುದಿನ ಬಿಗಿಯಾಗಿ ಕಟ್ಟಬೇಕಾದವನೂ ಅವನೇ. ಥೆರಪಿಸ್ಟ್ ಹಿಡಿಯಬೇಕಾದ್ದು ಅದನ್ನೇ: "ಒದ್ದೆಯಾದಾಗ ಯಾರ ಮೇಲೆ ಸಿಟ್ಟು ಬಂತು? ಮನೆಯಲ್ಲೂ ಹಾಗೆಯಾ?" ಎದುರು ಕೂರಿಸಿದರೆ ಬಾಯಿ ಬಿಡದ ಎಷ್ಟೋ ಮಕ್ಕಳು ಪಕ್ಕದಲ್ಲಿ ನಡೆಯುತ್ತಾ ಮಾತಾಡುತ್ತಾರೆ. ಈ ಮಾತುಕತೆ ಇಲ್ಲದಿದ್ದರೆ ಅದು ಬರೀ ಟ್ರೆಕ್ಕಿಂಗ್.

ಹಣ ಕಟ್ಟುವ ಮೊದಲು ಕೇಳಿ: ತರಬೇತಾದ ಥೆರಪಿಸ್ಟ್ ಜೊತೆಯಲ್ಲೇ ಇರುತ್ತಾರಾ? ರಾತ್ರಿ ಎದ್ದು ನೋಡುವವರು ಯಾರು? ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು? ಮಗ ಮನೆಗೆ ಫೋನ್ ಮಾಡಬಹುದಾ? ಕೊನೆಯದಕ್ಕೆ "ಇಲ್ಲ" ಅಂದರೆ ಬಿಟ್ಟುಬಿಡಿ. ಈ ಪ್ರಶ್ನೆಗಳು ಸುಮ್ಮನೆ ಅಲ್ಲ: 2024ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಇಂಥದೇ ಶಿಬಿರದಲ್ಲಿ 12 ವರ್ಷದ ಹುಡುಗ ಮೊದಲ ರಾತ್ರಿಯೇ ಉಸಿರುಕಟ್ಟಿ ತೀರಿಕೊಂಡ, ಶಿಬಿರದ ಲೈಸೆನ್ಸ್ ರದ್ದಾಯಿತು.

ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಚೀಟಿ ಬೇಕೇ ಬೇಕು. ಲಿಥಿಯಂ (ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರಿಗೆ ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ ಕಂಡರೆ ತಕ್ಷಣ ಆಸ್ಪತ್ರೆಗೆ. ಸಾಯುವ ಮಾತು, ಇಲ್ಲದ ಧ್ವನಿ ಕೇಳಿಸುವುದು, ಗಾಂಜಾ ಅಥವಾ ಕುಡಿತ ಬಿಡಿಸುವ ಹಂತ ಇದ್ದರೆ ಶಿಬಿರ ಬೇಡವೇ ಬೇಡ, ಮೊದಲು ಮನೋವೈದ್ಯರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಉಚಿತ.

ಪ್ರಶ್ನೆ (ಪೆರ್ಲ): ಅಷ್ಟು ಹಣ ಇಲ್ಲದವರು?

ಉತ್ತರ: ವಾರಕ್ಕೊಮ್ಮೆ ಬೆಳಿಗ್ಗೆ ಪೊಸಡಿ ಗುಂಪೆ ಗುಡ್ಡ ಹತ್ತಿ. ಅಪ್ಪನಿಗಿಂತ ಅವನು ಒಪ್ಪುವ ಮಾವನೋ ಮಾಸ್ಟ್ರೋ ಜೊತೆಗಿದ್ದರೆ ಒಳ್ಳೆಯದು. ದಾರಿ, ನೀರು, ತಿಂಡಿ ಅವನೇ ನೋಡಿಕೊಳ್ಳಲಿ. ಮಾರ್ಕಿನ ಸುದ್ದಿ ಎತ್ತಬೇಡಿ. ಏಪ್ರಿಲ್-ಮೇ ಮತ್ತು ತುಲಾ ಮಳೆಯ (ಅಕ್ಟೋಬರ್-ನವೆಂಬರ್) ಹೊತ್ತಿಗೆ ಮಧ್ಯಾಹ್ನದ ಮೊದಲೇ ಇಳಿಯಿರಿ, ಬೋಳುಗುಡ್ಡದಲ್ಲಿ ಸಿಡಿಲಿನ ಭಯ. ಇದು ಚಿಕಿತ್ಸೆಗೆ ಬದಲಿ ಅಲ್ಲ, ಕೌನ್ಸೆಲಿಂಗ್ ಜೊತೆಗೇ ನಡೆಯಲಿ.

ಪ್ರಶ್ನೆ (ಬದಿಯಡ್ಕ): ವಾಪಸು ಬಂದ ಮೇಲೆ ಮತ್ತೆ ಹಾಗೆಯೇ ಆದರೆ?

ಉತ್ತರ: ಹೆಚ್ಚಾಗಿ ಕೆಡುವುದೇ ವಾಪಸು ಬಂದ ಮೇಲೆ ಅಕ್ಕಾ. ಶಿಬಿರದಿಂದ ಹೊರಡುವ ಮೊದಲೇ ಅವನನ್ನು ಕೂರಿಸಿಕೊಂಡು ಬರೆದಿಡಿ: ರಾತ್ರಿ 10ಕ್ಕೆ ಎಲ್ಲರ ಮೊಬೈಲೂ ಹಾಲ್‌ನಲ್ಲಿ, ನಿಮ್ಮದೂ. ಹೆಡ್‌ಮಾಸ್ಟ್ರ ಹತ್ತಿರ ಮಾತಾಡಿ ಮೊದಲ ವಾರ ಅರ್ಧ ದಿನ ಶಾಲೆ. ಅದೇ ಥೆರಪಿಸ್ಟ್ ಜೊತೆ ಮೂರು ತಿಂಗಳಾದರೂ ವಾರವಾರ ಮಾತುಕತೆ, ವೀಡಿಯೋ ಕಾಲ್ ಆದರೂ ಅಡ್ಡಿಯಿಲ್ಲ.