ಬಾರೋ ಮತ್ತು ಲೆಂಡ್: ಎರಡಕ್ಕೂ ‘ಸಾಲ’ವೇ ಆದರೆ ತಪ್ಪುವುದೆಲ್ಲಿ?

ಪ್ರಶ್ನೆ: ಮಂಡ್ಯದ ಸ್ಟೋರ್ಸ್ ನೌಕರ

ಎಲ್ಲರಿಗೂ ನಮಸ್ಕಾರ. ಒಂದೇ ವಾರದಲ್ಲಿ ನಮ್ಮ ಮನೆಯ ಇಬ್ಬರು ಇಂಗ್ಲಿಷಿನ ಒಂದೇ ಜೋಡಿ ಕ್ರಿಯಾಪದಗಳಿಗೆ ಸಿಕ್ಕಿಬಿದ್ದಿದ್ದೇವೆ. ನಾನು ಮಂಡ್ಯದವನು, ಮೈಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ, ದಿನವೂ ರೈಲಿನಲ್ಲಿ ಓಡಾಡುತ್ತೇನೆ. ಹೋದ ಸೋಮವಾರ ನಮ್ಮ ಟಾರ್ಕ್ ರೆಂಚ್ ಕೈಕೊಟ್ಟಿದ್ದರಿಂದ ಪಕ್ಕದ ಘಟಕದವರಿಗೆ ‘ಪ್ಲೀಸ್ ಬಾರೋ ಅಸ್ ಯುವರ್ ಟಾರ್ಕ್ ರೆಂಚ್ ಫಾರ್ ಟೂ ಡೇಸ್’ ಎಂದು ಮೇಲ್ ಕಳುಹಿಸಿದೆ. ಅರ್ಧ ಗಂಟೆಯೊಳಗೆ ರೆಂಚ್ ಬಂತು. ಅದರ ಜೊತೆ ಬಂದ ಗೇಟ್ ಪಾಸಿನ ಷರಾ ಕಾಲಂನಲ್ಲಿ ಯಾರೋ ‘ಲೆಂಟ್, ನಾಟ್ ಬಾರೋಡ್’ ಎಂದು ಬರೆದು ಪಕ್ಕದಲ್ಲೊಂದು ನಗುವ ಮುಖವನ್ನೂ ಬಿಡಿಸಿದ್ದರು. ಆ ಪಾಸನ್ನು ನಾನು ಫೈಲಿಗೆ ಸೇರಿಸಲೇಬೇಕಾದ್ದರಿಂದ ನನ್ನ ತಪ್ಪು ಈಗ ದಾಖಲೆಯಾಗಿ ಉಳಿದಿದೆ.

ಗುರುವಾರ ಒಂಬತ್ತನೆಯ ತರಗತಿಯ ಮಗಳು ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದಳು. ಅವಳು ‘ಐ ಲೆಂಟ್ ತ್ರೀ ಬುಕ್ಸ್ ಫ್ರಮ್ ದ ಲೈಬ್ರರಿ’ ಎಂದು ಬರೆದಿದ್ದಳು, ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅಂದರೆ ಅಪ್ಪನದು ಒಂದು ದಿಕ್ಕಿನ ತಪ್ಪು, ಮಗಳದು ಅದರ ತಲೆಕೆಳಗು. ನಿಘಂಟು ತೆಗೆದು ನೋಡಿದರೆ ಒಂದರ ಎದುರು ‘ಸಾಲ ತೆಗೆದುಕೊ’ ಎಂದೂ ಇನ್ನೊಂದರ ಎದುರು ‘ಸಾಲ ಕೊಡು’ ಎಂದೂ ಸ್ಪಷ್ಟವಾಗಿಯೇ ಇದೆ. ಓದುವಾಗ ಗೊಂದಲವಿಲ್ಲ, ಬರೆಯಲು ಕೂತಾಗ ಮಾತ್ರ ಕೈ ತಪ್ಪುತ್ತದೆ. ಉರುಹೊಡೆಯುವ ಉಪಾಯ ನನಗೆ ಬೇಡ. ಹೀಗೇಕೆ ತಪ್ಪುತ್ತೇವೆ ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಸರಸ್ವತಿಪುರಂ, ಮೈಸೂರು

ನಿಮ್ಮಿಬ್ಬರ ತಪ್ಪಿಗೂ ಬೇರು ಒಂದೇ. ಇಂಗ್ಲಿಷಿನ ಈ ಎರಡು ಕ್ರಿಯಾಪದಗಳು ಹೇಳುವುದು ಒಂದೇ ಘಟನೆಯನ್ನು. ವಾಕ್ಯದ ಕರ್ತೃ ಯಾವ ದಡದಲ್ಲಿ ನಿಂತಿದ್ದಾನೆ ಎಂಬುದಷ್ಟೇ ವ್ಯತ್ಯಾಸ. ವಸ್ತು ಕರ್ತೃವಿನ ಕೈಬಿಟ್ಟು ಹೊರಟರೆ ‘ಲೆಂಡ್’, ಕರ್ತೃವಿನ ಕೈ ಸೇರಿದರೆ ‘ಬಾರೋ’. ಆದ್ದರಿಂದ ಮೊದಲನೆಯದರ ಬೆನ್ನಿಗೆ ‘ಟು’ ಬರುತ್ತದೆ, ಎರಡನೆಯದರ ಬೆನ್ನಿಗೆ ‘ಫ್ರಮ್’ ಬರುತ್ತದೆ. ನಿಮ್ಮ ಮಗಳ ವಾಕ್ಯದಲ್ಲಿ ‘ಫ್ರಮ್’ ಸರಿಯಾಗಿಯೇ ಇದೆ, ಕ್ರಿಯಾಪದ ಮಾತ್ರ ಎದುರು ದಡಕ್ಕೆ ಸೇರಿದ್ದು. ‘ಲೆಂಟ್’ ಇದ್ದ ಕಡೆ ‘ಬಾರೋಡ್’ ಎಂದು ಬರೆದಿದ್ದರೆ ಕೆಂಪು ಗೆರೆ ಬೀಳುತ್ತಿರಲಿಲ್ಲ.

ನಿಮ್ಮ ಮೇಲ್‌ನ ದೋಷ ಸ್ವಲ್ಪ ಬೇರೆ ಬಗೆಯದು. ‘ಲೆಂಡ್’ ಎಂಬುದು ‘ಕೊಡು’ ಎಂಬುದರ ಜಾತಿಗೆ ಸೇರಿದ್ದರಿಂದ ಅದಕ್ಕೆ ಎರಡು ಕರ್ಮಗಳು ಸಲ್ಲುತ್ತವೆ: ಯಾರಿಗೆ ಎಂಬುದೊಂದು, ಏನನ್ನು ಎಂಬುದೊಂದು. ಹೀಗಾಗಿ ‘ಲೆಂಡ್ ಅಸ್ ದ ರೆಂಚ್’ ಸರಿ. ‘ಬಾರೋ’ ಎಂಬುದಕ್ಕೆ ಒಂದೇ ಕರ್ಮ. ಶಿಷ್ಟ ಇಂಗ್ಲಿಷಿನಲ್ಲಿ ಅದರ ಪಕ್ಕದಲ್ಲಿ ‘ಅಸ್’ ಅಥವಾ ‘ಮಿ’ ತಂದು ಕೂರಿಸಲು ಜಾಗವಿಲ್ಲ. ಸಮಾಧಾನಕ್ಕೆ ಒಂದು ಮಾತು ಹೇಳುತ್ತೇನೆ. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ಆಡುಮಾತಿನಲ್ಲಿ ‘ಬಾರೋ ಮಿ’ ಎನ್ನುವವರು ಇಂದಿಗೂ ಇದ್ದಾರೆ. ಅಲ್ಲಿ ನೆಲೆಸಿದ ಜರ್ಮನ್ ಮೂಲದವರ ಭಾಷೆಯಲ್ಲಿ ‘ಲೈಯನ್’ ಎಂಬ ಒಂದೇ ಕ್ರಿಯಾಪದ ಎರಡೂ ದಿಕ್ಕಿಗೆ ನಡೆಯುತ್ತದೆ, ಅದರ ನೆರಳು ಇಂಗ್ಲಿಷಿನ ಮೇಲೂ ಬಿದ್ದಿದೆ. ಆದರೆ ಪರೀಕ್ಷೆಯಲ್ಲಿ ಮಿನ್ನೆಸೋಟದ ಹೆಸರು ಹೇಳಿದರೆ ಅಂಕ ಸಿಗುವುದಿಲ್ಲ.

ಇನ್ನು ಕೈ ಏಕೆ ತಪ್ಪುತ್ತದೆ ಎಂಬ ಪ್ರಶ್ನೆ. ಪಕ್ಕದಲ್ಲಿ ಕುಳಿತವರ ಪೆನ್ನು ಬೇಕಾದಾಗ ನಾವು ‘ಸ್ವಲ್ಪ ಪೆನ್ನು ಕೊಡ್ತೀರಾ’ ಎಂದು ಕೇಳುತ್ತೇವೆ. ‘ನಾನು ನಿಮ್ಮ ಪೆನ್ನನ್ನು ಎರವಲು ತೆಗೆದುಕೊಳ್ಳಬಹುದೇ’ ಎಂದು ಯಾವ ಕನ್ನಡಿಗನೂ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಬೇಡಿಕೆಯ ಕರ್ತೃ ಯಾವಾಗಲೂ ‘ನೀವು’, ಕ್ರಿಯೆ ಯಾವಾಗಲೂ ‘ಕೊಡು’. ಇಂಗ್ಲಿಷ್ ಆಡುವವರು ಬಹುತೇಕ ‘ಕ್ಯಾನ್ ಐ ಬಾರೋ ಯುವರ್ ಪೆನ್’ ಎಂದು ತಮ್ಮನ್ನೇ ಕರ್ತೃವಾಗಿಸಿಕೊಂಡು ಅನುಮತಿ ಕೇಳುತ್ತಾರೆ. ಹಾಗಾಗಿ ಅಂಥ ಸಂದರ್ಭದಲ್ಲಿ ‘ಬಾರೋ’ ಎಂಬ ಪದ ನಮ್ಮ ಕಿವಿಗೆ ಬಿದ್ದು ಬಿದ್ದು, ಕೇಳುವುದಕ್ಕೆ ಬಳಸುವ ಪದ ಅದೇ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತದೆ. ಆಮೇಲೆ ‘ನೀವು ಕೊಡಿ’ ಎಂಬ ನಮ್ಮ ಅಚ್ಚಿನೊಳಗೆ ಅದೇ ಪದವನ್ನು ಸುರಿಯುತ್ತೇವೆ. ‘ಪ್ಲೀಸ್ ಬಾರೋ ಅಸ್’ ಹುಟ್ಟುವುದು ಹೀಗೆ.

ಉಪಾಯ ಬೇಡವೆಂದಿರಿ, ಆದರೂ ಒಂದನ್ನು ಹೇಳದೆ ಇರಲಾರೆ. ತರಗತಿಯಲ್ಲಿ ನಾನು ಹೇಳುತ್ತಿದ್ದುದು ಇಷ್ಟೇ: ‘ಬಾರೋ’ ಎಂದರೆ ಕನ್ನಡದಲ್ಲಿ ಏನು? ಇತ್ತ ಬಾ ಎಂದು ಕರೆಯುವುದು. ಇಂಗ್ಲಿಷಿನ ಬಾರೋ ಕೂಡ ವಸ್ತುವನ್ನು ನನ್ನ ಕಡೆಗೇ ಕರೆಯುತ್ತದೆ. ಹಿಂದಿನ ಬೆಂಚಿನ ಹುಡುಗರಿಗೆ ವ್ಯಾಕರಣಕ್ಕಿಂತ ಇದು ಹೆಚ್ಚು ನಾಟುತ್ತಿತ್ತು.

ಉತ್ತರ: ಪಾಂಡವಪುರದ ಹತ್ತಿರದ ಹಳ್ಳಿಯಿಂದ, ಗೃಹಿಣಿ

ಮೇಷ್ಟ್ರು ದಿಕ್ಕಿನ ಮಾತನ್ನು ಚೆನ್ನಾಗಿ ಬಿಡಿಸಿದ್ದಾರೆ. ಆದರೆ ಕನ್ನಡದಲ್ಲಿ ಎಲ್ಲವೂ ‘ಸಾಲ’ ಎಂಬ ಒಂದೇ ಪದದೊಳಗೆ ಅಡಗಿದೆ ಎಂದು ಪ್ರಶ್ನೆ ಕೇಳಿದ ಅಣ್ಣ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಅದು ನಿಘಂಟಿನ ಬಡತನವೇ ಹೊರತು ಭಾಷೆಯದಲ್ಲ. ನಮ್ಮ ಬೀದಿಯಲ್ಲಿ ಸಾಲ, ಕಡ, ಎರವಲು ಎಂಬ ಮೂರೂ ಬೇರೆ ಬೇರೆ. ಸೊಸೈಟಿಯಿಂದ ಕಬ್ಬಿನ ಬೆಳೆಗೆ ಹಣ ತಂದರೆ ಅದು ಸಾಲ. ನೆಂಟರು ಬಂದ ಹೊತ್ತಿಗೆ ರಾಗಿಹಿಟ್ಟು ಸಾಲದೆ ಪಕ್ಕದ ಮನೆಯಿಂದ ಒಂದು ಸೇರು ತಂದರೆ ಅದು ಕಡ. ಆ ಹಿಟ್ಟು ಅಂದೇ ಮುದ್ದೆಯಾಗಿ ಹೊಟ್ಟೆ ಸೇರುತ್ತದೆ, ಹಿಂದಕ್ಕೆ ಹೋಗುವುದು ಬೇರೆ ಹಿಟ್ಟು. ಮದುವೆಗೆಂದು ಓರಗಿತ್ತಿಯ ಸರ ಹಾಕಿಕೊಂಡು ಹೋದರೆ ಅದು ಎರವಲು; ಆ ಸರವೇ ಹಿಂದಕ್ಕೆ ಹೋಗಬೇಕು, ಅದೇ ತೂಕದ ಬೇರೆ ಸರ ಕೊಟ್ಟರೆ ಜಗಳವಾಗುತ್ತದೆ.

ಕಡದ ಲೆಕ್ಕವನ್ನು ನಮ್ಮ ಅತ್ತೆಯಿಂದ ಕಲಿತೆ. ಅವರು ಕೊಡುವಾಗ ಸೇರಿನ ಬಾಯಿಮಟ್ಟಕ್ಕೆ ಅಂಗೈ ಎಳೆದು ಸಮ ಮಾಡಿ ಕೊಡುತ್ತಿದ್ದರು, ತೀರಿಸುವಾಗ ಮಾತ್ರ ರಾಶಿಯಾಗಿ ಸುರಿದು, ಅಂಚಿನಿಂದ ಉದುರುವ ಹಿಟ್ಟು ಸಹಿತ ಅವರ ಪಾತ್ರೆಗೇ ಬೀಳಿಸುತ್ತಿದ್ದರು. ಅದನ್ನು ಬಡ್ಡಿ ಎಂದು ಯಾರೂ ಕರೆಯುತ್ತಿರಲಿಲ್ಲ. ಹೆಪ್ಪಿನ ಮೊಸರಿಗೆ ಮಾತ್ರ ಕಡವೂ ಇಲ್ಲ, ಎರವಲೂ ಇಲ್ಲ. ಅದನ್ನು ‘ಇಸ್ಕೊಂಡು ಬಾ’ ಎಂದಷ್ಟೇ ಮಕ್ಕಳನ್ನು ಓಡಿಸುತ್ತೇವೆ, ಅದೂ ದೀಪ ಹಚ್ಚುವುದರೊಳಗೆ.

ನನ್ನ ಪ್ರಶ್ನೆ ಇದು. ಈ ‘ಇಸ್ಕೊ’ ಎಂಬುದು ‘ಬಾರೋ’ ಎಂಬುದಕ್ಕೆ ಹತ್ತಿರವಲ್ಲವೇ? ಇನ್ನೊಂದು, ನಮ್ಮಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುವುದುಂಟು. ಇವತ್ತು ನಾನು ನಿಮ್ಮ ಗದ್ದೆಗೆ ಬಂದರೆ ನಾಳೆ ನೀವು ನನ್ನ ಗದ್ದೆಗೆ ಬರಬೇಕು. ಇಂಗ್ಲಿಷಿನಲ್ಲಿ ‘ಲೆಂಡ್ ಎ ಹ್ಯಾಂಡ್’ ಎನ್ನುತ್ತಾರಲ್ಲ, ಅದು ಇದೇ ತಾನೇ?

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕ

ಅಮ್ಮ, ನಾನು ಮೊದಲೇ ಹೇಳಬೇಕಾದುದನ್ನು ನೀವು ಹೇಳಿದಿರಿ. ‘ಇಸ್ಕೊ’ ಎಂಬುದು ಬರಹದ ‘ಈಸಿಕೊಳ್ಳು’. ಹಳಗನ್ನಡದಲ್ಲಿ ‘ಈ’ ಎಂದರೆ ಕೊಡು. ಅದಕ್ಕೆ ‘ಇಸು’ ಸೇರಿ ‘ಕೊಡುವಂತೆ ಮಾಡು’ ಎಂದಾಯಿತು, ‘ಕೊಳ್ಳು’ ಸೇರಿ ‘ತನಗೆ ಕೊಡುವಂತೆ ಮಾಡಿಕೊ’ ಎಂದಾಯಿತು. ದಿಕ್ಕು ‘ಬಾರೋ’ ಎಂಬುದರದೇ ಹೌದು. ಆದರೆ ‘ಬಾರೋ’ ಎಂಬುದರಲ್ಲಿ ಹಿಂತಿರುಗಿಸುವ ಭಾರವಿದೆ, ‘ಈಸಿಕೊ’ ಎಂಬುದರಲ್ಲಿ ಅದಿಲ್ಲ. ಅಂಗಡಿಯವನಿಂದ ಚಿಲ್ಲರೆಯನ್ನೂ ಈಸಿಕೊಳ್ಳುತ್ತೇವೆ. ‘ಬಾರೋ’ ಎಂಬುದರ ಹಳೆಯ ಇಂಗ್ಲಿಷ್ ರೂಪ ‘ಬೋರ್ಗಿಯನ್’, ಅದು ಹೊಣೆ ಅಥವಾ ಒತ್ತೆ ಎಂಬ ಅರ್ಥದ ಪದಕ್ಕೆ ಸಂಬಂಧಪಟ್ಟದ್ದು. ಅಂದರೆ ತೆಗೆದುಕೊಳ್ಳುವವನ ಹೊಣೆ ಆ ಪದದ ಹುಟ್ಟಿನಲ್ಲೇ ಇತ್ತು.

ಮುಯ್ಯಾಳಿನ ವಿಷಯದಲ್ಲಿ ನನ್ನ ಉತ್ತರ ‘ಅಲ್ಲ’ ಎಂದು. ಇಂಗ್ಲಿಷಿನಲ್ಲಿ ಕೈ ‘ಲೆಂಡ್’ ಮಾಡಿದವನಿಗೆ ಅದು ಹಿಂದಕ್ಕೆ ಬರಬೇಕೆಂಬ ಲೆಕ್ಕವಿಲ್ಲ, ಅದು ಬರಿಯ ನೆರವು. ‘ಲೆಂಡ್ ಆ್ಯನ್ ಇಯರ್’ ಎಂದರೆ ಕಿವಿಗೊಡುವುದು. ಕನ್ನಡದಲ್ಲೂ ಅಲ್ಲಿ ‘ಕೊಡು’ ಬಂದಿರುವುದನ್ನು ಗಮನಿಸಿ. ಮುಯ್ಯಿಯಲ್ಲಿ ಇರುವ ಕಟ್ಟುನಿಟ್ಟಾದ ಹಿಂದಿರುಗಿಸುವಿಕೆಯನ್ನು ಈ ಎರಡು ಇಂಗ್ಲಿಷ್ ಪದಗಳಲ್ಲಿ ಯಾವುದೂ ಹೊರಲಾರದು.

ನಿಮ್ಮ ಮಾತಿನಿಂದ ಮೂಲ ಪ್ರಶ್ನೆಗೂ ಉತ್ತರ ಇನ್ನಷ್ಟು ತಿಳಿಯಾಗುತ್ತದೆ. ಕನ್ನಡ ಇಲ್ಲಿ ಮೊದಲು ಕೇಳುವುದು ‘ಹಿಂದಕ್ಕೆ ಹೋಗುವುದು ಏನು’ ಎಂದು: ಅದೇ ವಸ್ತುವೋ, ಅದರಂಥದ್ದೋ, ಹಣವೋ. ಅದಕ್ಕೆ ತಕ್ಕ ನಾಮಪದವನ್ನು ಆರಿಸಿ, ದಿಕ್ಕನ್ನು ‘ಕೊಡು’, ‘ತೆಗೆದುಕೊ’ ಎಂಬ ಸಾಮಾನ್ಯ ಕ್ರಿಯಾಪದಗಳಿಗೆ ಬಿಟ್ಟುಬಿಡುತ್ತದೆ. ಇಂಗ್ಲಿಷ್ ಮೊದಲು ಕೇಳುವುದು ‘ಯಾರ ಕೈಯಿಂದ’ ಎಂದು. ಹಿಟ್ಟಾದರೂ ಸರವಾದರೂ ಅದಕ್ಕೆ ಒಂದೇ. ನಾವು ನಮ್ಮ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಇಂಗ್ಲಿಷ್ ಪದದ ಮುಂದೆ ನಿಲ್ಲುತ್ತೇವೆ, ಅದು ಕೇಳುವ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರ ಸಿದ್ಧವಿರುವುದಿಲ್ಲ.

ಉತ್ತರ: ವಕೀಲ, ಮೈಸೂರು

ಅಕ್ಕ ಹೇಳಿದ ಕಡ ಮತ್ತು ಎರವಲಿನ ಭೇದ ರೋಮನ್ ಕಾನೂನಿನಲ್ಲಿ ಹಾಗೆಯೇ ಇದೆ ಎಂಬುದನ್ನು ಇಲ್ಲಿ ಹೇಳಬೇಕೆನಿಸಿತು. ಬಳಸಿ ಮುಗಿಸಿ ಅಂಥದ್ದನ್ನೇ ಹಿಂತಿರುಗಿಸುವುದನ್ನು ಅವರು ‘ಮ್ಯೂಟುಅಮ್’ ಎಂದರು, ಅದೇ ವಸ್ತುವನ್ನು ಹಿಂತಿರುಗಿಸುವುದನ್ನು ‘ಕೊಮೊಡಾಟಮ್’ ಎಂದರು. ಮೊದಲನೆಯದರಲ್ಲಿ ವಸ್ತುವಿನ ಒಡೆತನವೇ ಕೈ ಬದಲಾಯಿಸುತ್ತದೆ, ಎರಡನೆಯದರಲ್ಲಿ ಬಳಕೆ ಮಾತ್ರ. ನಮ್ಮ 1872ರ ಕರಾರು ಅಧಿನಿಯಮದ 148ನೆಯ ಪ್ರಕರಣದಿಂದ ಮುಂದೆ ಬರುವುದು ಎರವಲಿನ ಜಾತಿಯ ವ್ಯವಹಾರಗಳೇ. ಅದರ 159ನೆಯ ಪ್ರಕರಣದಂತೆ, ಪ್ರತಿಫಲವಿಲ್ಲದೆ ಬಳಕೆಗೆ ಕೊಟ್ಟವನು ಎರಡು ದಿನಕ್ಕೆಂದು ಒಪ್ಪಿ ಕೊಟ್ಟಿದ್ದರೂ ನಡುವೆಯೇ ವಾಪಸು ಕೇಳಬಹುದು. ಆದರೆ ಅವನ ಮಾತನ್ನು ನಂಬಿ ನಡೆದವನಿಗೆ, ಪಡೆದ ಲಾಭಕ್ಕಿಂತ ಹೆಚ್ಚಿನ ನಷ್ಟವಾದರೆ ಆ ಹೆಚ್ಚುವರಿಯನ್ನು ತುಂಬಿಕೊಡಬೇಕು. ನಿಮ್ಮ ಟಾರ್ಕ್ ರೆಂಚ್‌ಗೂ ಇದು ಅನ್ವಯಿಸುತ್ತದೆ.

ಬ್ಯಾಂಕಿನ ವಿಷಯದಲ್ಲಿ ‘ಬಾರೋ’ ಯಾರು ಮಾಡುತ್ತಾರೆ ಎಂದು ಕೇಳಿದರೆ ಹಲವರು ‘ನಾವು’ ಎನ್ನುತ್ತಾರೆ. ಆದರೆ ನಾವು ಉಳಿತಾಯ ಖಾತೆಗೆ ಹಣ ಕಟ್ಟಿದ ಕ್ಷಣ ಸಾಲಗಾರನಾಗುವುದು ಬ್ಯಾಂಕು. ಈ ಸಂಬಂಧವನ್ನು ಇಂಗ್ಲೆಂಡಿನಲ್ಲಿ 1848ರ ಫೋಲಿ ಮತ್ತು ಹಿಲ್ ನಡುವಣ ಮೊಕದ್ದಮೆಯ ತೀರ್ಪು ಸ್ಪಷ್ಟಪಡಿಸಿತು. ಲಾಕರಿನಲ್ಲಿ ಇಟ್ಟ ಸರ ಹಾಗಲ್ಲ, ಅದು ನಮ್ಮದೇ ಆಗಿ ಉಳಿಯುತ್ತದೆ. ಖಾತೆಗೆ ಕಟ್ಟಿದ ನೋಟು ಮಾತ್ರ ಅಕ್ಕನ ರಾಗಿಹಿಟ್ಟಿನಂತೆ, ಅದೇ ನೋಟು ಮತ್ತೆ ಬರುವುದಿಲ್ಲ.

ಮರುಪ್ರಶ್ನೆ: ಮಂಡ್ಯದ ಸ್ಟೋರ್ಸ್ ನೌಕರ

ಎಲ್ಲರಿಗೂ ಧನ್ಯವಾದಗಳು. ಅಕ್ಕನ ಮಾತು ಓದಿದಾಗ ಒಂದು ಹೊಳೆಯಿತು. ನಮ್ಮ ಗೇಟಿನಲ್ಲಿ ಎರಡು ಬಗೆಯ ಪಾಸುಗಳಿವೆ: ಹಿಂದಕ್ಕೆ ಬರಬೇಕಾದ ಮಾಲಿಗೆ ರಿಟರ್ನಬಲ್, ಬರಬೇಕಿಲ್ಲದ ಮಾಲಿಗೆ ನಾನ್-ರಿಟರ್ನಬಲ್. ರೆಂಚ್ ಬಂದದ್ದು ಮೊದಲನೆಯದರಲ್ಲಿ. ಅದೇ ಘಟಕದಿಂದ ಹಿಂದೊಮ್ಮೆ ಎರಡು ಡಬ್ಬ ಗ್ರೀಸ್ ತಂದು, ಮುಂದಿನ ತಿಂಗಳು ನಮ್ಮ ಹೊಸ ಡಬ್ಬಗಳನ್ನು ಕೊಟ್ಟಿದ್ದೆವು. ಅದಕ್ಕೆ ಯಾವ ಪಾಸು ಬರೆಯಬೇಕೆಂದು ಅಂದು ಗೇಟಿನವರೊಡನೆ ಒಂದು ಗಂಟೆ ವಾದವಾಗಿತ್ತು. ಕಡಕ್ಕೊಂದು ಪಾಸು ಇಲ್ಲದಿರುವುದೇ ಅದಕ್ಕೆ ಕಾರಣವೆಂದು ಈಗ ಅರ್ಥವಾಯಿತು.

ಮೇಷ್ಟ್ರಿಗೆ ಇನ್ನೆರಡು ಪ್ರಶ್ನೆಗಳಿವೆ. ನಮ್ಮ ಮ್ಯಾನೇಜರ್ ‘ಲೋನ್ ಅಸ್ ದ ರೆಂಚ್’ ಎಂದು ಬರೆಯಬಹುದಿತ್ತು ಎನ್ನುತ್ತಾರೆ, ಅದು ಸರಿಯೇ? ಎರಡನೆಯದು ಮಗಳದು: ಕಳೆಯುವ ಲೆಕ್ಕದಲ್ಲಿ ಪಕ್ಕದ ಸ್ಥಾನದಿಂದ ‘ಬಾರೋ’ ಮಾಡು ಎನ್ನುತ್ತಾರೆ, ಆದರೆ ಹಿಂದಕ್ಕೆ ಕೊಡುವುದೇ ಇಲ್ಲವಲ್ಲ, ಹಾಗಾದರೆ ಅದು ‘ಬಾರೋ’ ಹೇಗಾಯಿತು ಎಂದು ಕೇಳುತ್ತಿದ್ದಾಳೆ.

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕ

‘ಲೋನ್’ ಎಂಬುದನ್ನು ಕ್ರಿಯಾಪದವಾಗಿ ಬಳಸುವುದು ಹೊಸದೇನಲ್ಲ, ಅಮೆರಿಕದಲ್ಲಿ ಅದು ತೀರ ಸಹಜ. ಬ್ರಿಟಿಷ್ ಬಳಕೆಯನ್ನು ಅನುಸರಿಸುವವರಲ್ಲಿ ಕೆಲವರು ಅದಕ್ಕೆ ಮುಖ ಸಿಂಡರಿಸುತ್ತಾರೆ. ಹಣ ಅಥವಾ ಕೈಗೆ ಸಿಗುವ ವಸ್ತುವಾದರೆ ಅಡ್ಡಿಯಿಲ್ಲ. ಕಿವಿ, ನೆರವು, ಬೆಂಬಲ ಮುಂತಾದವುಗಳಿಗೆ ‘ಲೆಂಡ್’ ಒಂದೇ ಗತಿ. ನಿಮ್ಮ ಮೇಲ್‌ಗೆ ‘ಕುಡ್ ಯು ಲೆಂಡ್ ಅಸ್’ ಸಾಕು.

ಮಗಳ ಪ್ರಶ್ನೆ ಅಪ್ಪನ ಪ್ರಶ್ನೆಗಿಂತ ಚೆನ್ನಾಗಿದೆ. ಈಗಿನ ಶಾಲೆಯ ಕ್ರಮದಲ್ಲಿ ನಡೆಯುವುದು ನಿಜವಾಗಿ ಚಿಲ್ಲರೆ ಮಾಡಿಸುವ ಕೆಲಸ. ಒಂದು ಹತ್ತನ್ನು ಒಡೆದು ಹತ್ತು ಬಿಡಿ ಮಾಡಿಕೊಳ್ಳುತ್ತಾರೆ, ಆದ್ದರಿಂದ ತೀರಿಸುವ ಪ್ರಶ್ನೆ ಬರುವುದಿಲ್ಲ. ಆದರೆ ಇಂಗ್ಲೆಂಡಿನ ಶಾಲೆಗಳಲ್ಲಿ ಬಹುಕಾಲ ನಡೆದ ಇನ್ನೊಂದು ಕ್ರಮದಲ್ಲಿ ಪಡೆದದ್ದನ್ನು ತೀರಿಸಲೇಬೇಕಿತ್ತು, ಅದನ್ನು ‘ಬಾರೋ ಆ್ಯಂಡ್ ಪೇ ಬ್ಯಾಕ್’ ಎಂದೇ ಕರೆಯುತ್ತಿದ್ದರು. 52ರಲ್ಲಿ 27ನ್ನು ಕಳೆಯಬೇಕೆಂದುಕೊಳ್ಳಿ. ಮೇಲಿನ 2ರಲ್ಲಿ 7 ಹೋಗದು, ಹತ್ತು ಪಡೆದು 12 ಮಾಡಿ 7 ಕಳೆದರೆ 5. ಈಗ ಮೇಲಿನ 5ನ್ನು ಮುಟ್ಟದೆ, ಪಡೆದ ಹತ್ತನ್ನು ಕೆಳಗಿನ ಸಾಲಿನ 2ಕ್ಕೆ ಒಂದು ಸೇರಿಸಿ 3 ಮಾಡುವ ಮೂಲಕ ತೀರಿಸಬೇಕು. 5ರಲ್ಲಿ 3 ಹೋದರೆ 2. ಉತ್ತರ 25. ಮಗಳು ಇದೇ ಬಗೆಯಲ್ಲಿ 83ರಿಂದ 46ನ್ನು ಕಳೆದು ನೋಡಲಿ, ಎಷ್ಟು ಬಂತೆಂದು ಇಲ್ಲಿ ಬರೆಯಿರಿ.