ಲಕ್ಕುಂಡಿ ಬಾಗಿಲುವಾಡದ ಎರಡು ಪ್ರಿಂಟ್: ಯಾವುದಕ್ಕೆ ಚೌಕಟ್ಟು ಹಾಕಿಸಲಿ?

ಪ್ರಶ್ನೆ, ಗದಗದಿಂದ:
ನಮಸ್ಕಾರ ಸರ್. ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡದ ಕಪ್ಪು-ಬಿಳುಪು ಫೋಟೊ. 24 ಮೆಗಾಪಿಕ್ಸೆಲ್ ಕ್ಯಾಮೆರಾ. ಎ3 ಅಳತೆಯಲ್ಲಿ ಎರಡು ಪ್ರಿಂಟ್ ಹಾಕಿಸಿದೆ. ಒಂದು ನಾಲ್ಕು ಇಂಕಿನ ಪ್ರಿಂಟರ್‌ನಲ್ಲಿ, ಹೊಳಪಿನ ಗ್ಲಾಸಿ ಕಾಗದದ ಮೇಲೆ. ಚೂಪಾಗಿದೆ, ಆದರೆ ಟ್ಯೂಬ್‌ಲೈಟಿನಲ್ಲಿ ಹಸಿರು ಹೊಡೆಯುತ್ತದೆ. ಇನ್ನೊಂದು ಬೂದು ಇಂಕುಗಳೂ ಇರುವ ಎಪ್ಸನ್ ಪ್ರಿಂಟರ್‌ನಲ್ಲಿ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ. ಕಲ್ಲಿನ ಮೈ ಚೆಂದ ಬಂದಿದೆ, ಕೆತ್ತನೆಯ ಗೆರೆ ಮೆತ್ತಗಾಗಿದೆ. ಯಾವುದು ಒಳ್ಳೆಯದು?

ಉತ್ತರ, ಹುಬ್ಬಳ್ಳಿಯಿಂದ:
ಎರಡನೆಯದನ್ನೇ ಹಿಡಿಯಿರಿ. ಆದರೆ ಹಾಗೇ ಚೌಕಟ್ಟಿಗೆ ಕೊಡಬೇಡಿ, ಇನ್ನೊಮ್ಮೆ ಹಾಕಿಸಿ.

ಗ್ಲಾಸಿ ಚೂಪಾಗಿ ಕಾಣುವುದಕ್ಕೆ ಅರ್ಧ ಕಾರಣ ಅದರ ಕಪ್ಪು. ಗ್ಲಾಸಿಯಲ್ಲಿ ಇಂಕು ಮೇಲ್ಪದರದಲ್ಲೇ ನಿಲ್ಲುತ್ತದೆ, ಕಪ್ಪು ಗಾಢವಾಗುತ್ತದೆ. ಕಪ್ಪು-ಬಿಳುಪಿನ ಅಂತರ ಹೆಚ್ಚಿದರೆ ಕಣ್ಣು ಅದನ್ನೇ ಚೂಪು ಅಂದುಕೊಳ್ಳುತ್ತದೆ. ಮ್ಯಾಟ್‌ನಲ್ಲಿ ಇಂಕು ಸ್ವಲ್ಪ ಹರಡುತ್ತದೆ, ಕಪ್ಪೂ ತುಸು ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಮ್ಯಾಟ್‌ಗೆ ಶಾರ್ಪನಿಂಗ್, ಅಂದರೆ ಫೈಲಿನಲ್ಲೇ ಅಂಚುಗಳನ್ನು ಚೂಪು ಮಾಡುವುದು, ಜಾಸ್ತಿ ಬೇಕು. ಪರದೆಯ ಮೇಲೆ ಚೂರು ಒರಟು ಅನಿಸಬೇಕು, ಕಾಗದದ ಮೇಲೆ ಸರಿಹೋಗುತ್ತದೆ. ನಿಮ್ಮ ಎರಡೂ ಪ್ರಿಂಟ್ ಒಂದೇ ಫೈಲಿನಿಂದ ಬಂದಿರಬೇಕು, ಅಲ್ವಾ?

ಹಸಿರಿನ ವಿಷಯಕ್ಕೆ ಮದ್ದು ಕಷ್ಟ. ನಾಲ್ಕು ಇಂಕಿನ ಯಂತ್ರಕ್ಕೆ ಬೂದು ಇಂಕೇ ಇಲ್ಲ. ತಿಳಿನೀಲಿ (ಸಯಾನ್), ನೇರಳೆಗೆಂಪು (ಮಜೆಂಟಾ), ಹಳದಿ ಬೆರೆಸಿಯೇ ಬೂದು ಮಾಡಬೇಕು. ಒಂದು ಚೂರು ಏರುಪೇರಾದರೂ ಬಣ್ಣ ಇಣುಕುತ್ತದೆ, ಬೆಳಕು ಬದಲಾದರೆ ಅದೂ ಬದಲಾಗುತ್ತದೆ. ಬರೀ ಕಪ್ಪು ಇಂಕಿನಲ್ಲಿ ಹಾಕಿದರೆ ತಿಳಿ ಭಾಗದಲ್ಲಿ ಚುಕ್ಕಿಗಳು ರೊಟ್ಟಿ ಮೇಲಿನ ಕರಿಎಳ್ಳಿನ ಹಾಗೆ ಎದ್ದು ಕಾಣುತ್ತವೆ. ಬೂದು ಇಂಕಿರುವ ಯಂತ್ರ ಅದೇ ಜಾಗದಲ್ಲಿ ತೆಳು ಚುಕ್ಕಿಗಳನ್ನು ಒತ್ತೊತ್ತಾಗಿ ಇಡುತ್ತದೆ. ಲಕ್ಕುಂಡಿಯ ಬಳಪದ ಕಲ್ಲಿಗೆ ಆ ನುಣುಪು ಬೇಕೇ ಬೇಕು. ಕೆತ್ತನೆಯ ಆಳ ಗೊತ್ತಾಗುವುದೇ ನೆರಳಿನ ಮೆಟ್ಟಿಲುಗಳಿಂದ.

ಇನ್ನೊಂದು ಮಾತು. ಎ3 ಉದ್ದ 16.5 ಇಂಚು. ನಿಮ್ಮ ಫೋಟೊ 6000 ಪಿಕ್ಸೆಲ್ ಉದ್ದ ಇದ್ದರೆ ಇಂಚಿಗೆ 360 ಪಿಕ್ಸೆಲ್‌ಗಿಂತ ಹೆಚ್ಚು ಸಿಗುತ್ತದೆ, ಎಪ್ಸನ್‌ಗೆ ಧಾರಾಳ ಸಾಕು. ಫೈಲನ್ನು ವಾಟ್ಸಪ್‌ನಲ್ಲಿ ಫೋಟೊ ಆಗಿ ಮಾತ್ರ ಕಳಿಸಬೇಡಿ, ಪಿಕ್ಸೆಲ್ ಕುಗ್ಗುತ್ತವೆ. ಪೆನ್‌ಡ್ರೈವ್‌ನಲ್ಲೇ ಕೊಡಿ.

ಮರುಪ್ರಶ್ನೆ:
ವಾಟ್ಸಪ್‌ನಲ್ಲೇ ಕಳಿಸಿದ್ದೆ ಸರ್! ಎಪ್ಸನ್‌ನಲ್ಲೇ ಗ್ಲಾಸಿ ಹಾಕಿಸಿದರೆ ಹೇಗ್ರೀ?

ಉತ್ತರ:
ಹಾಗಾದರೆ ಗೆರೆ ಮೆತ್ತಗಾಗಿದ್ದಕ್ಕೆ ಅದೂ ಒಂದು ಕಾರಣ. ಗ್ಲಾಸಿ ಬೇಡ, ಹೊಳಪು ಕಡಿಮೆ ಇರುವ ಬರೈಟಾ ಕಾಗದ ಕೇಳಿ. ಕಪ್ಪು ಇಂಕಿನಲ್ಲಿ ಎರಡು ಬಗೆ: ಬರೈಟಾಕ್ಕೆ ಫೋಟೊ ಬ್ಲ್ಯಾಕ್, ಮ್ಯಾಟ್‌ಗೆ ಮ್ಯಾಟ್ ಬ್ಲ್ಯಾಕ್. ಪ್ರಿಂಟರ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್‌ನಲ್ಲಿ, ಕಾಗದದ ಹೆಸರು ತಪ್ಪು ಆರಿಸಿದರೆ ನೆರಳೆಲ್ಲ ಕೆಡುತ್ತದೆ. ಪೂರ್ತಿ ಎ3 ಹಾಕಿಸುವ ಮೊದಲು ಫೋಟೊ ಕುಗ್ಗಿಸದೆ ಅದರ ಅಂಗೈಯಗಲದ ತುಂಡನ್ನು ಬರೈಟಾ, ಮ್ಯಾಟ್ ಎರಡೂ ಕಾಗದದ ಮೇಲೆ ಹಾಕಿಸಿ. ಒಂದು ದಿನ ಒಣಗಲು ಬಿಡಿ. ಆಮೇಲೆ ಫೋಟೊ ತೂಗುಹಾಕುವ ಗೋಡೆಯ ಬಳಿಯೇ, ಅಲ್ಲಿನ ಬೆಳಕಿನಲ್ಲೇ, ಚೌಕಟ್ಟಿನ ಗಾಜನ್ನು ಮೇಲೆ ಹಿಡಿದು ನೋಡಿ.